ತೂತು ತಪ್ಪಿದ ಕಾರ್ಡು

೧೯೭೪ರಲ್ಲಿ ನಗರ ಎತ್ತ ಬೆಳೆಯುತ್ತದೆಂದು ಕಂಪ್ಯೂಟರಿನಿಂದ ಹೇಳಿಸಲು, ನಗರ ಯೋಜನೆಯ ಕಚೇರಿಯ ವತ್ಸಲಾ ನಕ್ಷೆಯನ್ನು ಚೌಕ ಚೌಕ ಮಾಡಿ, ಅದು ಓದುವ ಕಾರ್ಡುಗಳಲ್ಲಿ, ಚೌಕಕ್ಕೊಂದು ಕಾರ್ಡಿನಂತೆ, ವಿವರಗಳನ್ನು ತೂತುಗಳಾಗಿ ಹೊಡೆದಳು. ಮುಂದೆ ಮನೆಗಳೇಳುವ ಜಾಗವೆಂದು ಕಂಪ್ಯೂಟರು ಕೆಂಗೇರಿಯಾಚೆಯ ಒಂದು ಹೊಲವನ್ನು ತೋರಿಸಿತು. ಅಲ್ಲಿ ನೀರಿರಲಿಲ್ಲ, ದಾರಿಯೂ ಇರಲಿಲ್ಲ. ಒಂದು ಕಾರ್ಡಿನಲ್ಲಿ ತೂತು ತಪ್ಪಿದ್ದು ಅವಳಿಗೆ ತಿಳಿಯುವಷ್ಟರಲ್ಲಿ ಕಚೇರಿಯವರೆಲ್ಲ ಅಲ್ಲಿ ಸೈಟು ಕೊಂಡಾಗಿತ್ತು. ಅವರೇ ಕೊಂಡರೆಂದು ಮಿಕ್ಕವರೂ ಕೊಂಡರು. ಹಿಂದೆಯೇ ರಸ್ತೆ ಬಂತು, ನಲ್ಲಿ ಬಂತು.

ಐದು ವರ್ಷ ಕಳೆದು ಅಲ್ಲೇ ಮೇಲಧಿಕಾರಿ ಗೋಪೀನಾಥರ ಗೃಹಪ್ರವೇಶ. "ನೋಡಮ್ಮಾ, ಕಂಪ್ಯೂಟರ್ ಸುಳ್ಳು ಹೇಳಲ್ಲ" ಎಂದು ಅವರು ವತ್ಸಲಾಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಅವಳು ಹೋಳಿಗೆ ಮುರಿದು ತಿಂದಳು. ಆಮೇಲೆ ಅವಳು ತಿದ್ದಿದ ಕಾರ್ಡು ತೋರಿಸಿದ್ದು ಮಾಗಡಿ ರಸ್ತೆಯ ಕಡೆಯ ಹೊಲ. ಅದನ್ನು ನಂಬಿ ಸೈಟು ಕೊಂಡವಳು ಅವಳೊಬ್ಬಳೇ. ಅಲ್ಲಿ ಈಗಲೂ ರಾಗಿ ಬೆಳೆಯುತ್ತಿತ್ತು.