ಹುರಿಹಿಟ್ಟಿನ ಚೀಲಕ್ಕೆ ಬಣ್ಣ

ಅವತ್ತು ಸೋಮವಾರ ಬೆಳಿಗ್ಗೆ ಹೆಮ್ಮರಗಾಲದ ಮೇಲೆ ಮೋಡ ಮುಚ್ಚಿಕೊಂಡೇ ಇತ್ತು. ಕೆಲವು ದಿನಗಳಿಂದ ಮಳೆ ಎನ್ನಲಾಗದ, ಇಲ್ಲವೆಂದೂ ಅನ್ನಲಾಗದ ಜಿನುಗು. ಹಗ್ಗಕ್ಕೆ ಹಾಕಿದ ಸೀರೆ ಹಗ್ಗದ ಮೇಲೇ ಮುಗ್ಗುತ್ತಿತ್ತು. ಅಂಥ ತೇವದಲ್ಲೂ ಮುದ್ದಮ್ಮನ ಪಡಸಾಲೆಯಲ್ಲಿ ಸಡಗರ. ಗೋಡೆಯುದ್ದಕ್ಕೂ ಕಂದು ಕಾಗದದ ಚೀಲಗಳು ಹಿಟ್ಟು ತುಂಬಿಕೊಂಡು ಸಾಲಾಗಿ ಕೂತಿದ್ದವು. ಒಂದೊಂದರ ಎದೆಯ ಮೇಲೂ ಹಸಿರು ರಾಗಿತೆನೆ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಹೆಮ್ಮರಗಾಲದ ಹುರಿಹಿಟ್ಟು’.

ಮುದ್ದಮ್ಮನೂ ಅವಳ ಸಂಘದ ಹೆಂಗಸರೂ ರಾಗಿ ನೆನೆಸಿ, ಬಿಸಿ ಮರಳಲ್ಲಿ ಅರಳು ಹುರಿದು, ಬೀಸಿದ ಹಿಟ್ಟನ್ನು ಇಷ್ಟು ವರ್ಷ ಬರಿಯ ಕವರಿಗೆ ಕಟ್ಟಿ ನಂಜನಗೂಡಿನಲ್ಲಿ ಮಾರುತ್ತಿದ್ದರು. ಈಗ ಮೈಸೂರಿನ ರವಿಚಂದ್ರ ಎಂಬವರ ದೊಡ್ಡ ಅಂಗಡಿಯ ಕಪಾಟಿನಲ್ಲಿ ಒಂದು ಸಾಲು ಸಿಕ್ಕಿತ್ತು. ಚೀಲದ ಮೇಲೆ ಹೆಸರು ಅಚ್ಚಾಗಿರಬೇಕು, ಸೋಮವಾರದ ವ್ಯಾನಿಗೆ ಸರಕು ಸಿದ್ಧವಿರಬೇಕು. ತಪ್ಪಿದರೆ ಆ ಸಾಲು ಬೇರೆಯವರಿಗೆ.

ಅಚ್ಚು ಹೇಗೆ ಹಾಕಿಸುವುದೆಂಬ ಮಾತು ಮನೆಯಲ್ಲಿ ಬಹಳ ದಿನ ನಡೆದಿತ್ತು. ಸೊಸೆ ಪವಿತ್ರಾಗೆ ಮಿರಮಿರ ಮಿಂಚುವ ಪೌಚಿನ ಮೇಲೆ ಆಸೆ. ಬೆಂಗಳೂರಿಗೆ ಫೋನು ಮಾಡಿದರೆ, ಬಣ್ಣಕ್ಕೊಂದು ಅಚ್ಚಿನ ಸಿಲಿಂಡರ್ ಕೆತ್ತಿಸಬೇಕು, ಸಾವಿರಾರು ಪೌಚಿಗೆ ಕಡಿಮೆ ಆಗುವುದಿಲ್ಲ ಎಂದರು.

“ಅಷ್ಟ ತುಂಬ್ಸಕ್ಕೆ ಇಡೀ ತಾಲ್ಲೂಕಿನ ರಾಗಿ ಉರೀಬೇಕಾಯ್ತದೆ ಕಣವ್ವ” ಎಂದು ಮುದ್ದಮ್ಮ ನಕ್ಕಿದ್ದಳು. ಸ್ಟಿಕ್ಕರ್ ಅಗ್ಗವಾಗಿತ್ತು, ಆದರೆ ತರಿಸಿ ನೋಡಿದ ಮಾದರಿ ಈ ತೇವಕ್ಕೆ ಅಂಚು ಎದ್ದು ಸುರುಳಿಯಾಯಿತು. ಕೊನೆಗೆ ಸಿಕ್ಕಿದವನು ಟಿ. ನರಸೀಪುರದ ಬೆಟ್ಟಸ್ವಾಮಿ. ಮರದ ಚೌಕಟ್ಟಿಗೆ ಬಿಗಿದ ತೆಳು ಜಾಲರಿಯ ಮೇಲೆ ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದು, ಒಂದೊಂದೇ ಚೀಲಕ್ಕೆ ಕೈಯಲ್ಲೇ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅವನದು. ಕೈಯಲ್ಲಿ ಹುರಿದ ಹಿಟ್ಟಿಗೆ ಕೈಯಲ್ಲಿ ಹಾಕಿದ ಅಚ್ಚೇ ಒಪ್ಪುತ್ತದೆಂದು ಮುದ್ದಮ್ಮನ ಮನಸ್ಸು ಅಲ್ಲಿ ನಿಂತಿತು.

ಆ ಮನೆಯಲ್ಲೊಂದು ನಡವಳಿಕೆ. ಹೊಸ ಹಿಟ್ಟು ವೇಣುಗೋಪಾಲಸ್ವಾಮಿಗೆ ನೈವೇದ್ಯವಾಗುವ ತನಕ ಯಾರೂ ನಾಲಿಗೆಗೆ ಮುಟ್ಟಿಸುವುದಿಲ್ಲ, ಮೂಸುವುದೂ ಇಲ್ಲ. ವಾಸನೆ ನೋಡಿದರೂ ಎಂಜಲಾದಂತೆಯೇ. ಅದಕ್ಕೇ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬೀಸಿದ್ದರು, ಹಾಗೆಯೇ ತುಂಬಿದ್ದರು.

ಮುದ್ದಮ್ಮ ಮೊದಲ ಚೀಲವನ್ನು ಗುಡಿಗೆ ಒಯ್ದು, ಪೂಜೆ ಮುಗಿಸಿಕೊಂಡು ಬಂದಳು. ಹಿಟ್ಟಿಗೆ ಬೆಲ್ಲ ತುಪ್ಪ ಕಲಸಿ ಎಲ್ಲರ ಅಂಗೈಗೂ ಒಂದೊಂದು ಉಂಡೆ ಇಟ್ಟಳು. ಬಾಯಿಗೆ ಹಾಕಿಕೊಂಡವರು ಅಗಿಯುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು.

“ಅತ್ತೆ, ಕಿಟಕಿಗೆ ಪೇಂಟ್ ಒಡ್ದಂಗದೆ” ಎಂದಳು ಪವಿತ್ರಾ.

ಮುದ್ದಮ್ಮ ಪ್ರಸಾದವನ್ನು ಉಗುಳಲಿಲ್ಲ. ಕಣ್ಣು ಮುಚ್ಚಿ ನುಂಗಿದಳು. “ಅಪ್ಪಾ ಸ್ವಾಮಿ, ಇದ್ನೇ ನಿನ್ ಮುಂದೆ ಮಡಗ್ಬುಟ್ನಲ್ಲಪ್ಪ” ಎಂದು ಗುಡಿಯ ಕಡೆಗೆ ಕೈಮುಗಿದಳು.

ಅಷ್ಟರಲ್ಲಿ ವ್ಯಾನ್ ಬಂದು ನಿಂತಿತು. ಡ್ರೈವರ್ ಮದನ್ ಚೀಲಗಳನ್ನು ನೋಡಿ, “ಏನ್ ಅಮ್ಮಾರೆ, ಮದ್ವೆ ಎಣ್ಣಿನಂಗೆ ಸಿಂಗಾರ ಮಾಡ್ಬುಟ್ಟಿದ್ದೀರಿ!” ಎಂದ.

“ಎಣ್ಣು ಇವತ್ತು ಬರಾಕಿಲ್ಲ ಕಣಪ್ಪ. ಬಣ್ಣದ ವಾಸ್ನೆ ಇಟ್ಟಿಗೆ ಇಳ್ದದೆ” ಎಂದಳು ಮುದ್ದಮ್ಮ.

“ಅಯ್ಯೋ, ಅಂಗಡೀಲಿ ನಾಕ್ ದಿನ ಇದ್ರೆ ಓಯ್ತದೆ ಬುಡಿ. ಸಾವ್ಕಾರ್ರು ಸಾಲು ಬೇರೆಯವ್ರಿಗೆ ಕೊಟ್ಬುಡ್ತಾರೆ, ಆಮೇಲೆ ನನ್ ಬೈಬ್ಯಾಡಿ.”

ಪವಿತ್ರಾ ಅತ್ತೆಯ ಕಿವಿಯ ಬಳಿ ಬಗ್ಗಿ, “ಒಂದ್ಸಲ ಕಳ್ಸುಬುಡಾನ. ಯಾರ್ಗೂ ಗೊತ್ತಾಗಕಿಲ್ಲ” ಎಂದಳು.

ಮುದ್ದಮ್ಮ ಒಂದು ಚೀಲವನ್ನು ಅವಳ ಕಡೆ ತಿರುಗಿಸಿದಳು. “ಓದು. ಮುದ್ದಮ್ಮ ಅಂತ ಬರ್ದದಾ? ಊರೆಸ್ರು ಕಣವ್ವ. ನನ್ ಎಸ್ರಾಗಿದ್ರೆ ಒಂದ್ಸಲ ಯೋಚ್ನೆ ಮಾಡ್ತಿದ್ದೆ.”

ವ್ಯಾನ್ ಖಾಲಿ ಹೋಯಿತು. ಹಿಟ್ಟೆಲ್ಲ ತಿಪ್ಪೆಗೆ ಹೋಯಿತು, ದನಗಳಿಗೂ ಮುದ್ದಮ್ಮ ಹಾಕಗೊಡಲಿಲ್ಲ.

ಒಂದೇ ಚೀಲವನ್ನು ಉಳಿಸಿಕೊಂಡು ಅತ್ತೆ ಸೊಸೆ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದರು. ವಿಷಯ ಕೇಳಿ ಬೆಟ್ಟಸ್ವಾಮಿಗೆ ರೇಗಿತು.

“ಬಣ್ಣ ಅಂದ್ಮೇಲೆ ವಾಸ್ನೆ ಇರಾಕಿಲ್ವಾ ಮುದ್ದಕ್ಕ? ಮಲ್ಗೆ ಊವ ಅರ್ದು ಅಚ್ಚಾಕಕಾಯ್ತದಾ?”

ಮುದ್ದಮ್ಮ ಚೀಲ ಬಿಚ್ಚಿ, ಸೆರಗಿನ ಗಂಟಿನಲ್ಲಿದ್ದ ಬೆಲ್ಲ ಬೆರೆಸಿ, “ತಿನ್ನಪ್ಪ” ಎಂದಳು. ಅವನು ಬಾಯಿಗೆ ಹಾಕಿಕೊಂಡ. ಮುಖ ಕಿವುಚಿ, ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ.

“ತಂಡಿ ಇತ್ತು. ಬೇಗ ಒಣಗ್ಲಿ ಅಂತ ಬಣ್ಣಕ್ಕೆ ಥಿನ್ನರ್ ಜಾಸ್ತಿ ಉಯ್ದೆ” ಎಂದ, ತಗ್ಗಿದ ದನಿಯಲ್ಲಿ.

“ಬಟ್ಟೆ ಬ್ಯಾಗಿಗೆ ಅದ್ಯಾವ್ದೋ ಬೇರೆ ಬಣ್ಣ ಆಕ್ತೀಯಲ್ಲ?”

“ಅದು ನೀರಿನ ಬಣ್ಣ ಕಣಕ್ಕ. ಇಷ್ಟು ಮಿಂಚಾಕಿಲ್ಲ. ಒಣಗಕ್ಕೂ ದಿನ ಇಡೀತದೆ.”

“ನನ್ ಇಟ್ಟೇನು ಮಿಂಚ್ತದಾ? ಅದ್ನೇ ಆಕು. ಒಣಗೋಗಂಟ ಕಾಯ್ತೀವಿ.”

ಪವಿತ್ರಾ ನಡುವೆ ಬಾಯಿ ಹಾಕಿದಳು. “ಇಟ್ಟ ಮೂಸ್ಬಾರ್ದು, ಸರಿ ಅತ್ತೆ. ಬರೀ ಚೀಲ ಮೂಸ್ಬ್ಯಾಡಿ ಅಂತ ಯಾವ ದೇವ್ರು ಏಳವ್ನೆ?”

ಮುದ್ದಮ್ಮ ಸೊಸೆಯ ಮುಖವನ್ನೇ ನೋಡಿದಳು. ಬೆಳಗಿನಿಂದ ಇಲ್ಲದ ನಗು ಈಗ ಬಂತು. “ಇದು ಮುಂಚೇನೇ ಒಳೀಬಾರ್ದಿತ್ತಾ ನಿಂಗೆ?”

ಊರಿಗೆ ಮರಳುವ ಬಸ್ಸಿನಲ್ಲಿ ರವಿಚಂದ್ರ ಅವರ ಫೋನು ಬಂತು. ಮದನ್ ಎಲ್ಲವನ್ನೂ ಹೇಳಿದ್ದನಂತೆ. ಕೆಟ್ಟ ಸರಕು ತಾವಾಗಿಯೇ ತಡೆದವರನ್ನು ಈ ವ್ಯಾಪಾರದಲ್ಲಿ ಕಂಡಿದ್ದು ಕಡಿಮೆ, ಮುಂದಿನ ಸೋಮವಾರದವರೆಗೆ ಸಾಲು ಖಾಲಿಯೇ ಇರುತ್ತದೆ ಎಂದರು. ಮುದ್ದಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ಪಕ್ಕದಲ್ಲಿದ್ದವರು ಯಾರೂ ಕೇಳದಿದ್ದರೂ, “ಮೈಸೂರಿಂದ ಪೋನು” ಎಂದಳು.

ವಾರ ಕಳೆಯುವ ಮೊದಲೇ ಬೆಟ್ಟಸ್ವಾಮಿ ಬೈಕಿನಲ್ಲಿ ಹೆಮ್ಮರಗಾಲಕ್ಕೆ ಬಂದ. ಈ ಸಲ ಹಸಿರು ಬಣ್ಣ ತುಳಸಿ ಎಲೆಯಂತೆ ಮಂಕಾಗಿ, ಹಿತವಾಗಿತ್ತು. ಹೆಂಗಸರೆಲ್ಲ ಖಾಲಿ ಚೀಲಗಳನ್ನು ಬಿಡಿಸಿ ಒಳಗೆ ಮೂಗಿಟ್ಟು ನೋಡತೊಡಗಿದರು. ಕಾಗದದ ವಾಸನೆ ಬಿಟ್ಟರೆ ಏನೂ ಇಲ್ಲ. ಮುದ್ದಮ್ಮ ಒಂದು ಚೀಲವನ್ನು ಬೆಳಕಿಗೆ ಹಿಡಿದು ಊರಿನ ಹೆಸರನ್ನು ಬೆರಳಿಂದ ಸವರುತ್ತ ಕೂತಳು.

ಬೆಟ್ಟಸ್ವಾಮಿ ಮತ್ತೆ ಬೈಕಿನ ಬಳಿ ಹೋಗಿ ಇನ್ನೊಂದು ಕಟ್ಟು ಬಿಚ್ಚಿದ. ಕೆಟ್ಟುಹೋದ ಚೀಲಗಳ ದುಡ್ಡಿನ ಮಾತನ್ನು ಈ ಮನೆಯವರು ಯಾರೂ ಎತ್ತಿರಲಿಲ್ಲ. ಅವು ಎಷ್ಟಿದ್ದವೋ ಅಷ್ಟೇ ಹೊಸ ಚೀಲಗಳಿದ್ದ ಆ ಕಟ್ಟನ್ನು ಅವನು ಬಾಗಿಲಲ್ಲಿ ನಿಂತಿದ್ದ ಪವಿತ್ರಾಳ ಕೈಗೆ ಸದ್ದಿಲ್ಲದೆ ಕೊಟ್ಟ.