ತರಕಾರಿಯವನ ತಪ್ಪಲ್ಲ

ಹಾಸ್ಟೆಲಿನ ಮಕ್ಕಳಿಗೆ ರಕ್ತಭೇದಿ ಹತ್ತಿಕೊಂಡು ಆಸ್ಪತ್ರೆ ಸೇರಿದಾಗ ಎಲ್ಲರ ಕಣ್ಣು ತರಕಾರಿಯವನ ಮೇಲೆ ಬಿತ್ತು. ಅವನು ತಂದ ಸೌತೆಕಾಯಿಯಲ್ಲಿ ಇ-ಕೋಲೈ ಬ್ಯಾಕ್ಟೀರಿಯಾ ಇತ್ತು, ಮಕ್ಕಳಲ್ಲೂ ಅದೇ ಇತ್ತು. ಇನ್ನೇನು ಸಾಕ್ಷಿ ಬೇಕೆಂದು ವಾರ್ಡನ್ ಅವನ ಗಾಡಿಯನ್ನು ಗೇಟಿನ ಆಚೆಗೇ ತಡೆದುಬಿಟ್ಟರು.

ಹಾಸ್ಟೆಲಿನ ಅಡುಗೆಮನೆಯ ಹೊಣೆ ಹೊತ್ತಿದ್ದ ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಪಾತ್ರೆಯಲ್ಲಿ ಮುಖ ಕಾಣುವ ಹಾಗೆ ಉಜ್ಜಿಸುವವಳು ಅವಳು. ಅವಳ ಅಡುಗೆಮನೆಯ ಬಗ್ಗೆ ಯಾರೂ ಕೊಂಕು ಆಡಿದ್ದಿಲ್ಲ.

ಅವಳ ಮಗಳು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: "ತರಕಾರಿಯವನ ತಲೆಗೆ ಈಗ್ಲೇ ಕಟ್ಬೇಡಿ ಅಂತ ಲ್ಯಾಬಲ್ಲಿ ಹೇಳಿ ಬಂದೆ."

"ಅದೇ ಕ್ರಿಮಿ ಸಿಕ್ಕಿದೆಯಲ್ಲೇ?"

"ಹೆಸರು ಒಂದೇ ಅಮ್ಮ, ತಳಿ ಬೇರೆ ಇರಬಹುದು. ಇ-ಕೋಲೈ ನಿನ್ನ ಹೊಟ್ಟೇಲೂ ಇದೆ, ನನ್ನ ಹೊಟ್ಟೇಲೂ ಇದೆ. ಬಹಳಷ್ಟು ಪಾಪದವು. ಕೆಲವಕ್ಕೆ ಕರುಳಿಗೆ ಅಂಟಿಕೊಳ್ಳೋ ಜೀನ್ ಇರುತ್ತೆ, ಕೆಲವಕ್ಕೆ ವಿಷ ಮಾಡೋ ಜೀನ್. ಎರಡೂ ಒಂದೇ ತಳೀಲಿ ಸೇರಿದ್ರೆ ಗ್ರಹಚಾರ. ಯಾವುದರಲ್ಲಿ ಏನಿದೆ ಅಂತ ನೋಡ್ದೆ ದೂರೋದು ಸರಿಯಲ್ಲ."

"ನಿಮ್ಮಪ್ಪನ ಮನೆಯವರ ಥರ ಅನ್ನು. ಮನೆತನ ಒಂದೇ, ಒಬ್ಬ ಮಾತ್ರ ಪುಂಡ."

ಮಗಳು ನಗಲು ಹೋಗಿ ನಿಲ್ಲಿಸಿದಳು. "ನೋಡ್ಬೇಕಂದ್ರೆ ನಿನ್ನ ಅಡುಗೆಮನೇನೂ ನೋಡ್ಬೇಕು. ನಮ್ಮಮ್ಮನದು ಅಂತ ಲ್ಯಾಬಿನ ಸಾಹೇಬ್ರಿಗೆ ಹೇಳಿದೀನಿ. ನಾನು ಮುಟ್ಟಲ್ಲ, ಬೇರೆಯವರು ಬರ್ತಾರೆ."

ಅಮ್ಮ ತಟ್ಟೆ ಸರಿಸಿದಳು. "ಬರ್ಲಿ ಬಿಡು. ನನ್ನಲ್ಲಿ ಏನು ಸಿಗುತ್ತೆ?"

ಸಿಕ್ಕಿತು. ತೊಟ್ಟಿಯಲ್ಲಿ, ಒರೆಸುವ ಬಟ್ಟೆಯಲ್ಲಿ ಸಿಕ್ಕಿದ್ದೆಲ್ಲ ನಿರುಪದ್ರವಿ. ಸೌತೆಕಾಯಿಯದೂ ಅಷ್ಟೆ. ಆದರೆ ಮಾಂಸ ಕತ್ತರಿಸುವ ಮರದ ಹಲಗೆಯ ಬಿರುಕಿನಲ್ಲಿದ್ದ ತಳಿಗೆ ಎರಡೂ ಜೀನ್‌ಗಳಿದ್ದವು. ಮಕ್ಕಳಲ್ಲಿ ಸಿಕ್ಕಿದ್ದೂ ಅದೇ ತಳಿ.

ವರದಿ ವಾರ್ಡನ್ ಕೈಸೇರುತ್ತಿದ್ದಂತೆ ಮಗಳು ಅಡುಗೆಮನೆಗೇ ಬಂದು ಹೇಳಿದಳು. ಅಮ್ಮನಿಗೆ ಸೌತೆಕಾಯಿ ಹೆಚ್ಚಿಸಿದ ಆ ದಿನ ನೆನಪಾಯಿತು. ತರಕಾರಿ ಹಲಗೆ ಒದ್ದೆಯಿತ್ತು. 'ಮಾಂಸದ ಹಲಗೇನೂ ತೊಳೆದದ್ದೇ ಅಲ್ವಾ, ಇದರ ಮೇಲೇ ಹೆಚ್ಚು' ಎಂದು ಅಡುಗೆಯವಳಿಗೆ ತಾನೇ ಹೇಳಿದ್ದಳು.

"ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಎಂದು ರೇಗಿದಳು.

"ಆಗ್ತಿರ್ಲಿಲ್ಲ. ನಾಳೆ ಅದೇ ಹಲಗೆ ಮೇಲೆ ಮತ್ತೆ ಹೆಚ್ಚಿಸ್ತಿದ್ದೆ."

ಮಗಳ ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ. ಅಮ್ಮ ಅವಳನ್ನೇ ನೋಡುತ್ತ ನಿಂತಳು. ಸಿಟ್ಟು ಜರ್ರನೆ ಇಳಿಯಿತು. ಇಂಥವಳನ್ನು ಹೆತ್ತವಳು ತಾನೇ ಅಲ್ಲವೇ ಅನ್ನಿಸಿ ಎದೆ ಉಬ್ಬಿತು.

ಮರುದಿನ ಹೆತ್ತವರ ಸಭೆಯಲ್ಲಿ ವಾರ್ಡನ್ ವರದಿಯ ಮಾತನ್ನು ಹಾರಿಸಲು ನೋಡಿದರು. ಅಮ್ಮ ಎದ್ದು ನಿಂತಳು.

"ತರಕಾರಿಯವನ ತಪ್ಪಲ್ಲ, ನಂದು. ಮಾಂಸದ ಹಲಗೆ ಮೇಲೆ ಹಸಿ ಸೌತೆಕಾಯಿ ಹೆಚ್ಚಿಸಿದೆ. ಜೀನ್ ನೋಡಿ ಅಂತ ಹಟ ಹಿಡಿದವಳು ನನ್ನ ಮಗಳು. ಅಮ್ಮ ಅಂತ ಮುಲಾಜು ನೋಡ್ಲಿಲ್ಲ."

ಬೈದವರು ಬೈದರು. ಅಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಕ್ಕಳು ಒಬ್ಬೊಬ್ಬರಾಗಿ ಚೇತರಿಸಿಕೊಂಡು ಹಾಸ್ಟೆಲಿಗೆ ಮರಳಿದರು. ಹಳೆಯ ಹಲಗೆಗಳು ಒಲೆ ಸೇರಿದವು. ಮಾಂಸಕ್ಕೊಂದು, ತರಕಾರಿಗೊಂದು ಬಣ್ಣದ ಹೊಸ ಹಲಗೆಗಳು ಬಂದವು. ಅಮ್ಮ ತರಕಾರಿಯವನ ಮನೆ ಹುಡುಕಿಕೊಂಡು ಹೋಗಿ, ನಾಳೆಯಿಂದ ಬಾರಪ್ಪ ಎಂದು ಕರೆದಳು.

ಅಲ್ಲಿಂದ ಹಿಂದಿರುಗುವ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಹೆತ್ತ ತಾಯೀನೇ ಹಿಡಿದುಕೊಟ್ಳಾ?"

"ಮತ್ತೆ? ನನ್ನ ಮಗಳು!" ಎಂದು ಅಮ್ಮ ಸೀಟಿನಲ್ಲಿ ನೆಟ್ಟಗೆ ಕೂತಳು.