ತೊಳೆಯದ ಸೀಬೆಹಣ್ಣು

ಮೇಲೂರಿನಲ್ಲಿ ಕನಕಲಕ್ಷ್ಮಿಯ ಹಿತ್ತಲನ್ನು ಯಾರೂ ಹಿತ್ತಲು ಅನ್ನುತ್ತಿರಲಿಲ್ಲ, ಮಿಸ್ಸಿನ ಕಾಡು ಅನ್ನುತ್ತಿದ್ದರು. ಎತ್ತರಕ್ಕೆ ನುಗ್ಗೆ, ಅದರ ನೆರಳಿಗೆ ಅಂಜೂರ, ಸೀತಾಫಲ, ಎದೆಮಟ್ಟದ ಕುಳ್ಳ ಸೀಬೆ, ಬುಡದಲ್ಲಿ ಅರಿಶಿನ, ದೊಡ್ಡಪತ್ರೆ. ಬಿದ್ದ ಎಲೆಯನ್ನು ಗುಡಿಸುವ ಹಾಗಿಲ್ಲ, ಅದೇ ಗೊಬ್ಬರ. ಹಾವು ಸಾಕುತ್ತಿದ್ದೀರಾ ಎಂದು ಬೀದಿಯವರು ಕಿಚಾಯಿಸಿದರೆ ಈ ನಿವೃತ್ತ ಶಾಲಾ ಶಿಕ್ಷಕಿ ಗದ್ದ ಎತ್ತಿ ಹೇಳುತ್ತಿದ್ದದ್ದು ಒಂದೇ ಮಾತು: "ಒಂದು ತೊಟ್ಟು ಔಷಧಿ ಮುಟ್ಟಿಸಿಲ್ಲ ಕಣ್ರೀ ನಾನು." ಪಕ್ಕದ ಮನೆಯ ಏಳು ವರ್ಷದ ಲಾವಣ್ಯ ಸೀಬೆ ಕಿತ್ತುಕೊಂಡು ನಲ್ಲಿಯ ಕಡೆ ಹೊರಟರೆ ತಡೆದು, "ತೊಳೆಯೋದೂ ಬೇಡ ಕಣೇ, ಹಾಗೇ ತಿನ್ನು" ಅನ್ನುತ್ತಿದ್ದಳು. ಅಷ್ಟು ಜಂಬ ಅವಳಿಗೆ.

ಚಿಂತಾಮಣಿಯಲ್ಲಿ ತಂಗಿಯ ಮನೆ ಗೃಹಪ್ರವೇಶ ಮುಗಿಸಿ ಮೂರನೆಯ ದಿನ ಮಧ್ಯಾಹ್ನ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಹೋದಳು. ಏನೋ ಘಾಟು. ಸೀಬೆ ಎಲೆಗಳ ಮೇಲೆ ಬಿಳಿ ಕಲೆ ಒಣಗಿತ್ತು.

"ರೀ! ಏನ್ರೀ ಇದು?"

ಗಂಡ ಅನಂತರಾಮಯ್ಯ ಪೇಪರ್ ಮಡಿಸಿಕೊಂಡು ಬಂದರು. ಗುಮಾಸ್ತರಾಗಿದ್ದು ನಿವೃತ್ತರಾದ ಮನುಷ್ಯ. ಹೇಳದೆ ಮಾಡಿದ ಕೆಲಸಕ್ಕೆ ಶಹಬ್ಬಾಸ್‌ಗಿರಿ ನಿರೀಕ್ಷಿಸುವುದು ಅವರ ಹಳೆಯ ಚಾಳಿ. "ಎಲೆಗೆಲ್ಲ ಬಿಳಿ ಹಿಟ್ಟು ಹಿಡಿದಿದೆ ಅಂತ ಒದ್ದಾಡ್ತಿದ್ದೆಯಲ್ಲ. ನಿನ್ನೆ ಬೆಳಿಗ್ಗೆ ದ್ರಾಕ್ಷಿ ತೋಟದ ನಲ್ಲಪ್ಪ ತನ್ನ ಬಳ್ಳಿಗೆ ಹೊಡೆದು ಉಳಿದಿದ್ದ ಔಷಧಿ ತಂದು ಹೊಡೆದುಕೊಟ್ಟ. ಪಾಪ, ದುಡ್ಡೂ ತಗೊಳ್ಳಲಿಲ್ಲ."

ಕನಕಲಕ್ಷ್ಮಿಯ ಕಣ್ಣು ಕೆಳಗಿನ ಕೊಂಬೆಗೆ ಹೋಯಿತು. ಊರಿಗೆ ಹೊರಡುವಾಗ ಅಲ್ಲಿ ಮೂರು ಹಣ್ಣು ಹಳದಿಗೆ ತಿರುಗಿದ್ದವು. ಈಗ ಮೂರು ಖಾಲಿ ತೊಟ್ಟು.

"ಹಣ್ಣು ಯಾರು ಕಿತ್ತಿದ್ದು?"

"ಇನ್ಯಾರು, ನಿನ್ನ ಲಾವಣ್ಯ. ನಿನ್ನೆ ಸಾಯಂಕಾಲ."

"ಹೇಳಿದ್ರಾ ಅವಳಿಗೆ?"

"ಅವಳು ಕೇಳಲಿಲ್ಲವಲ್ಲ," ಅಂದರು ಅನಂತರಾಮಯ್ಯ. ಅಂದಮೇಲೆ ತಮ್ಮ ಮಾತು ತಮಗೇ ಕೇಳಿಸಿ ಅವರ ಮುಖ ಸುಣ್ಣವಾಯಿತು.

ಕನಕಲಕ್ಷ್ಮಿ ನಿಂತಲ್ಲೇ ಪಕ್ಕದ ಮನೆಗೆ ಫೋನ್ ಒತ್ತಿದಳು. ಎತ್ತಿದ್ದು ಲಾವಣ್ಯಳ ತಾಯಿ ಪದ್ಮಶ್ರೀ. ಅವಳೂ ಒಂದು ಕಾಲಕ್ಕೆ ಇವಳ ಶಿಷ್ಯೆಯೇ. "ಮಿಸ್, ಜ್ವರ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹಂಗೇ ಬಿದ್ದಿದೆ. ಆಮೇಲೆ ಮಾಡ್ತೀನಿ," ಎಂದು, ಇವಳು ಏನನ್ನೂ ಕೇಳುವ ಮೊದಲೇ ಇಟ್ಟೇಬಿಟ್ಟಳು.

ಕನಕಲಕ್ಷ್ಮಿಗೆ ಹೋದ ಜೀವ ಬಂದಂತಾಯಿತು. ಬೇರೆ ಊರಿನವರಿಗೆ ಇದು ವಿಚಿತ್ರ ಅನ್ನಿಸೀತು. ಆದರೆ ರೇಷ್ಮೆ ಸೀಮೆಯಲ್ಲಿ ಹುಳು ಪೊರೆ ಬಿಡುವುದಕ್ಕೂ ಜ್ವರ ಅಂತಲೇ ಹೆಸರು. ನಾಲ್ಕು ಸಲ ಜ್ವರ ಬರುತ್ತೆ, ಆ ಹೊತ್ತಿಗೆ ಹುಳು ಸೊಪ್ಪು ಮುಟ್ಟುವುದಿಲ್ಲ, ಕದಲುವುದಿಲ್ಲ. ಪದ್ಮಶ್ರೀಯ ಮನೆಯಲ್ಲಿ ವರ್ಷವೆಲ್ಲ ಹುಳು ಮೇಯಿಸುತ್ತಾರೆ. ಹುಳುವಿನ ಮಾತು ಅದು, ಅಷ್ಟೇ; ಮಗು ಚೆನ್ನಾಗಿಯೇ ಇರಬೇಕು. ಒಂದು ಚೊಂಬು ನೀರು ಕುಡಿದು, ಗಂಡನಿಗೆ ಬಯ್ಯುವಷ್ಟು ಚೇತರಿಸಿಕೊಂಡು, ಬೈದೂ ಮುಗಿಸಿ, ಒಗೆದ ಸೀರೆ ಹರವಲು ಮಹಡಿ ಹತ್ತಿದಳು.

ಪಕ್ಕದ ಅಂಗಳದಲ್ಲಿ ಚಂದ್ರಿಕೆಗಳು, ಹುಳು ಗೂಡು ಕಟ್ಟಲು ಬಿಡುವ ಆ ದೊಡ್ಡ ಬಿದಿರಿನ ತಟ್ಟೆಗಳು, ತೊಳೆದು ಬಿಸಿಲಿಗೆ ಒರಗಿಸಿದ್ದವು. ಹುಳುಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಸುಣ್ಣ ಬಳಿಯುತ್ತಿದ್ದರು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿಯಾಗಿತ್ತು.

ಆ ಮನೆಯಲ್ಲಿ ಈಗ ಒಂದು ಹುಳುವೂ ಇರಲಿಲ್ಲ.

"ಅಯ್ಯೋ ದೇವರೇ!" ಒದ್ದೆ ಸೀರೆ ಕೈಯಿಂದ ಜಾರಿತು. ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ತೊಳೆಯೋದೂ ಬೇಡ, ತೊಳೆಯೋದೂ ಬೇಡ. ಮಗುವಿಗೆ ಕಲಿಸಿದವಳು ತಾನೇ. ಮೂವತ್ತು ವರ್ಷ ಪಾಠ ಹೇಳಿದರೂ ಇಷ್ಟು ಚೆನ್ನಾಗಿ ಯಾರಿಗೂ ಏನನ್ನೂ ಕಲಿಸಿರಲಿಲ್ಲ.

ಲಾವಣ್ಯ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಹಣೆ ಕಾವಲಿಯಂತೆ ಸುಡುತ್ತಿತ್ತು. ಪದ್ಮಶ್ರೀ ಒದ್ದೆಬಟ್ಟೆ ಹಿಂಡುತ್ತಾ, "ಬನ್ನಿ ಮಿಸ್, ಮಾತ್ರೆ ಕೊಟ್ಟಿದೀನಿ," ಅಂದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಒಂದು ಗಳಿಗೆ ಬಂದದ್ದು ನಿಜ. ಬಂದಿದ್ದಕ್ಕೆ ಕನಕಲಕ್ಷ್ಮಿಗೆ ತನ್ನ ಮೇಲೇ ಹೇಸಿಗೆಯಾಯಿತು. "ಪದ್ಮಾ, ಮಾತ್ರೆ ಅಲ್ಲಮ್ಮ, ಆಸ್ಪತ್ರೆಗೆ ಹೊರಡು. ಸೀಬೆಗೆ ಔಷಧಿ ಹೊಡೆದಿದ್ದಾರೆ. ದ್ರಾಕ್ಷಿ ಔಷಧಿ. ಇವಳು ನಿನ್ನೆ ಮೂರು ಹಣ್ಣು ಕಿತ್ತಿದ್ದಾಳೆ."

ಪದ್ಮಶ್ರೀಯ ಕೈಯಲ್ಲಿದ್ದ ಬಟ್ಟೆ ನೀರು ಸುರಿಸುತ್ತಾ ಹಾಗೇ ನಿಂತಿತು. "ನೀವು ಔಷಧಿನೇ ಮುಟ್ಟಿಸಲ್ಲ ಅಂತಿದ್ರಲ್ಲ ಮಿಸ್?"

ಕನಕಲಕ್ಷ್ಮಿ ಚಾಪೆಯ ಪಕ್ಕ ಕೂತು ಹುಡುಗಿಯ ಕೆನ್ನೆ ತಟ್ಟಿದಳು. "ಲಾವಣ್ಯಾ, ಕಣ್ಣು ಬಿಡಮ್ಮ. ಎಷ್ಟು ತಿಂದೆ ಚಿನ್ನಾ? ನಿಜ ಹೇಳು, ಯಾರೂ ಬಯ್ಯಲ್ಲ."

ಹುಡುಗಿ ಕಣ್ಣು ತೆರೆದಳು. "ಒಂದೂ ತಿನ್ಲಿಲ್ಲ ಅಜ್ಜಿ."

"ಮತ್ತೆ ಹಣ್ಣೆಲ್ಲಿ?"

"ಬ್ಯಾಗಲ್ಲಿ. ಮೂಸಿ ನೋಡ್ದೆ, ಔಷಧಿ ವಾಸನೆ ಬಂತು. ಅಂಥ ಸೊಪ್ಪು ಹುಳಕ್ಕೇ ಹಾಕಲ್ಲ ನಾವು."

ಪದ್ಮಶ್ರೀ ಸ್ಕೂಲ್ ಬ್ಯಾಗನ್ನು ನೆಲಕ್ಕೆ ಸುರಿದಳು. ಪುಸ್ತಕಗಳ ಜೊತೆ ಮೂರು ಸೀಬೆ ಉರುಳಿದವು. ತಿರುಗಿಸಿ ತಿರುಗಿಸಿ ನೋಡಿದರು; ಒಂದರ ಮೇಲೂ ಹಲ್ಲಿನ ಗುರುತಿಲ್ಲ. ಅಕ್ಕಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ಹಾರಿ ಬಂದು ಕೂತ ಸೊಪ್ಪು ತಿಂದರೆ ತಟ್ಟೆಗಟ್ಟಲೆ ಹುಳು ಸಾಯುತ್ತವೆ. ಅದಕ್ಕೇ ಆ ಮನೆಯಲ್ಲಿ ಮಕ್ಕಳಿಗೂ ಮೊದಲು ಹೇಳಿಕೊಡುವುದು ಮೂಸುವುದನ್ನೇ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಪದ್ಮಶ್ರೀ, ಅಳು ತಡೆದುಕೊಂಡು.

"ಹೇಳಿದ್ರೆ ಅಜ್ಜಿ ಮನೆಗೆ ಕಳ್ಸಲ್ಲ ನೀನು."

ಆದರೂ ಆಸ್ಪತ್ರೆಗೆ ಹೋದರು. ಡಾಕ್ಟರು ಎಲ್ಲ ನೋಡಿ, ಇದು ಊರಲ್ಲೆಲ್ಲ ಓಡಾಡುತ್ತಿರುವ ಜ್ವರವೇ ಎಂದರು. ಅಂದಿನಿಂದ ಪದ್ಮಶ್ರೀ ಮಗಳನ್ನು ಮಿಸ್ಸಿನ ಹಿತ್ತಲಿಗೆ ಕಳಿಸಲಿಲ್ಲ.

ಕನಕಲಕ್ಷ್ಮಿ ಗಿಡದಲ್ಲಿದ್ದ ಕಾಯಿ, ಪೀಚನ್ನೆಲ್ಲ ಕಿತ್ತು ಹೂಳಿಸಿದಳು, ಕೊಂಬೆ ಸವರಿಸಿದಳು. ಮಳೆ ಬಂತು, ಹೊಸ ಚಿಗುರು ಬಂತು. ಆರು ತಿಂಗಳಿಗೆ ಮೊದಲ ಹಣ್ಣು ಮಾಗಿತು. ಅಷ್ಟು ದಿನದ ಮೇಲೆ ಪದ್ಮಶ್ರೀಯೇ ಮಗಳನ್ನು ಕಳಿಸಿದಳು.

ಲಾವಣ್ಯ ಹಣ್ಣು ಇಸಿದುಕೊಂಡಳು. ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. "ವಾಸನೆ ಇಲ್ಲ ಅಜ್ಜಿ. ಹಾಗೇ ತಿನ್ನಲಾ?"

ಹಳೆಯ ಮಾತು ಕನಕಲಕ್ಷ್ಮಿಯ ನಾಲಿಗೆಯ ತುದಿಯವರೆಗೆ ಬಂತು. ಆ ಗಿಡಕ್ಕೆ ಆಮೇಲೆ ಒಂದು ತೊಟ್ಟೂ ಹೊಡೆದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬೇಡ, ಕೊಡಿಲ್ಲಿ," ಅಂದಳು. ನಲ್ಲಿ ತಿರುಗಿಸಿ, ಹಣ್ಣನ್ನು ತೊಳೆದಳು. ಇನ್ನೊಂದು ಸಲ ತೊಳೆದಳು.